ಗ್ರಾಫಿಕ್ಸ್ ಕಾರ್ಡ್ ಆಮೇಲೆ ನೋಡೋಣ, ಮೊದಲು ಪ್ರೊಸೆಸರ್

ಪ್ರಶ್ನೆ: ನಾನು ದಾವಣಗೆರೆಯವನು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಅನ್ನುವ ವಿಮಾನ ಹಾರಿಸುವ ಆಟ ಆಡುತ್ತೇನೆ. 2024ರ ಆವೃತ್ತಿಗೆ ಹೋಗುವ ಆಸೆಯೂ ಇದೆ. ಕಂಪ್ಯೂಟರ್ ಐದು ವರ್ಷ ಹಳೆಯದು: ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 6 ಜಿಬಿಯ ಆರ್‌ಟಿಎಕ್ಸ್ 2060 ಕಾರ್ಡ್, 550 ವಾಟ್ ಪವರ್ ಸಪ್ಲೈ, 60 ಹರ್ಟ್ಸ್‌ನ 1080ಪಿ ಮಾನಿಟರ್. ಎ320 ಪ್ರಯಾಣಿಕ ವಿಮಾನದಲ್ಲಿ ಬೆಂಗಳೂರಿಂದ ಮಂಗಳೂರಿಗೆ ಹಾರುವಾಗ ಮೇಲೆ ಇರುವಷ್ಟು ಹೊತ್ತು ಆರಾಮ. ನಿಲ್ದಾಣದ ಗೇಟ್‌ನಲ್ಲಿ ನಿಂತಾಗ ಮತ್ತು ಇಳಿಯುವಾಗ ಮಾತ್ರ ಚಿತ್ರ ವಿಪರೀತ ತಡವರಿಸುತ್ತದೆ. ಅಂಗಡಿಯವರು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಅನ್ನುತ್ತಾರೆ. 60 ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ. ಎಲ್ಲವನ್ನೂ ಅದಕ್ಕೇ ಹಾಕಲಾ?

ಉತ್ತರ: ಬೇಡ. ಈಗಲೇ ಬೇಡ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಮೇಲೆ ಆರಾಮ, ನೆಲದ ಹತ್ತಿರ ಒದ್ದಾಟ ಅಂದಿದ್ದೀರಿ. ಗ್ರಾಫಿಕ್ಸ್ ಕಾರ್ಡ್ ಸೋತಿದ್ದರೆ ಮಳೆಗಾಲದ ಮೋಡದೊಳಗೆ ನುಗ್ಗಿದಾಗಲೂ, ಘಟ್ಟದ ಕಾಡಿನ ಮೇಲೆ ಹೋಗುವಾಗಲೂ ಸೋಲಬೇಕಿತ್ತು. ಮೋಡ ಮತ್ತು ಮರ ಬಿಡಿಸುವುದು ಕಾರ್ಡಿನ ಪಾಲಿನ ಭಾರದ ಕೆಲಸ. ವಿಮಾನ ನಿಲ್ದಾಣಕ್ಕೆ ಬಂದಾಗ ಮಾತ್ರ ಸುಸ್ತಾಗುತ್ತದೆ ಅಂದರೆ ಅನುಮಾನ ಪ್ರೊಸೆಸರ್ ಮೇಲೆ ಹೋಗುತ್ತದೆ.

ನಾನೂ ಒಮ್ಮೆ ಇದೇ ತಪ್ಪು ಮಾಡಿದ್ದೆ. 2021ರಲ್ಲಿ ಕಾರ್ಡುಗಳಿಗೆ ಚಿನ್ನದ ಬೆಲೆ ಇತ್ತು. ಆಗ ಅಂಗಡಿಯವರೊಬ್ಬರ ಮಾತು ಕೇಳಿ ದೊಡ್ಡ ಕಾರ್ಡ್ ತಂದು ಹಾಕಿದೆ. ಮೊದಲು ಗೇಟ್‌ನಲ್ಲಿ ಸೆಕೆಂಡಿಗೆ 27 ಫ್ರೇಮ್, ಅಂದರೆ 27 ಚಿತ್ರ, ಬರುತ್ತಿತ್ತು. ಹೊಸ ಕಾರ್ಡ್ ಹಾಕಿದ ಮೇಲೆ 28 ಬಂತು. ಆ ಒಂದು ಫ್ರೇಮಿಗೆ ಎಷ್ಟು ಖರ್ಚಾಯಿತು ಅಂತ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಯಾಕೆ ಹೀಗೆ? ಮದುವೆ ಮನೆಯ ಅಡುಗೆ ನೆನಪಿಸಿಕೊಳ್ಳಿ. ತರಕಾರಿ ಹೆಚ್ಚಲು ಐದು ಜನ ಇರುತ್ತಾರೆ. ಕಾಯಿ ತುರಿಯುವವರು ಬೇರೆ, ಬಡಿಸುವವರು ಬೇರೆ. ಆದರೆ ಉಪ್ಪು-ಹುಳಿ ನೋಡಿ, ಒಗ್ಗರಣೆ ಹಾಕಿ, "ಸರಿ, ಇಳಿಸಿ" ಅನ್ನುವವರು ಮುಖ್ಯ ಭಟ್ಟರು ಒಬ್ಬರೇ. ಅವರು ನಿಧಾನ ಆದರೆ ಇನ್ನು ಹತ್ತು ಜನ ಸಹಾಯಕರನ್ನು ಕರೆಸಿದರೂ ಪಂಕ್ತಿ ಕಾಯಬೇಕು. ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಆ ಭಟ್ಟರ ಹೆಸರು ಮೇನ್ ಥ್ರೆಡ್, ಅಂದರೆ ಪ್ರೊಸೆಸರ್‌ನಲ್ಲಿ ಒಂದಾದ ಮೇಲೊಂದು ನಡೆಯುವ ಮುಖ್ಯ ಕೆಲಸದ ಸಾಲು. ವಿಮಾನದ ಸಿಸ್ಟಮ್‌ಗಳು, ಕಾಕ್‌ಪಿಟ್‌ನ ಪರದೆಗಳು, ಸುತ್ತಲಿನ ಬೇರೆ ವಿಮಾನಗಳು, ನೆಲದ ಮೇಲೆ ಎಷ್ಟು ದೂರದವರೆಗೆ ಏನೇನು ತೋರಿಸಬೇಕು ಅನ್ನುವ ಲೆಕ್ಕ, ಬಹುಪಾಲು ಅಲ್ಲಿಂದಲೇ ಹಾದು ಹೋಗಬೇಕು. ನಿಮ್ಮ 3600ರಲ್ಲಿ ಆರು ಕೋರ್, ಅಂದರೆ ದುಡಿಯುವ ಆರು ಭಾಗ, ಇದ್ದರೂ ಈ ಕೆಲಸ ಒಂದರ ತಲೆ ಮೇಲೇ ಬೀಳುತ್ತದೆ. 2024ರ ಆವೃತ್ತಿಯಲ್ಲಿ ಕೆಲಸವನ್ನು ಮೊದಲಿಗಿಂತ ಚೆನ್ನಾಗಿ ಹಂಚಿದ್ದಾರೆ. ಆದರೂ ಭಟ್ಟರಿಗೆ ರಜೆ ಸಿಕ್ಕಿಲ್ಲ.

ಇಲ್ಲೊಂದು ಮೋಸ ಇದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಬಳಕೆ 35 ಪರ್ಸೆಂಟ್ ಅಂತ ತೋರಿಸಬಹುದು. "ಇನ್ನೂ ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆಯಲ್ಲ" ಅಂತ ಅನಿಸುತ್ತದೆ, ಅಂಗಡಿಯವರೂ ಅದನ್ನೇ ತೋರಿಸುತ್ತಾರೆ. ನಿಮ್ಮ ಪ್ರೊಸೆಸರಿನ ಆರು ಕೋರ್‌ಗೆ ತಲಾ ಎರಡರಂತೆ 12 ಥ್ರೆಡ್. ಒಂದು ಥ್ರೆಡ್ ಪೂರ್ತಿ ಉಸಿರುಗಟ್ಟಿ ದುಡಿದರೂ ಒಟ್ಟು ಲೆಕ್ಕದಲ್ಲಿ ಅದು ಬರೀ 8 ಪರ್ಸೆಂಟ್ ಚಿಲ್ಲರೆ. ಹಾಗಾಗಿ ಆ ಸಂಖ್ಯೆ ನೋಡಿ ಏನನ್ನೂ ತೀರ್ಮಾನಿಸಬೇಡಿ.

ನನ್ನ ಮಾತನ್ನೂ ಸುಮ್ನೆ ನಂಬಬೇಡಿ. ಹತ್ತು ನಿಮಿಷದಲ್ಲಿ ನೀವೇ ಅಳೆದು ನೋಡಬಹುದು, ಪೈಸೆ ಖರ್ಚಿಲ್ಲ. ಸಿಮ್‌ನ (ಅಂದರೆ ಸಿಮ್ಯುಲೇಟರ್‌ನ) ಜನರಲ್ ಆಪ್ಷನ್ಸ್‌ನಲ್ಲಿ ಡೆವಲಪರ್ಸ್ ಅನ್ನುವ ಪುಟ ಇದೆ. ಅಲ್ಲಿ ಡೆವಲಪರ್ ಮೋಡ್ ಆನ್ ಮಾಡಿ. ಮೇಲ್ಗಡೆ ಒಂದು ಮೆನು ಪಟ್ಟಿ ಬರುತ್ತದೆ. ಅದರಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ) ತೋರಿಸುವ ಆಯ್ಕೆ ಒತ್ತಿದರೆ ಮೂಲೆಯಲ್ಲಿ ಪುಟ್ಟ ಕಿಟಕಿ ತೆರೆಯುತ್ತದೆ. ಈಗ ನಿಮ್ಮ ಎ320ಯನ್ನು ಬೆಂಗಳೂರಿನ ಗೇಟ್‌ನಲ್ಲಿ ನಿಲ್ಲಿಸಿ. ನಿಲ್ದಾಣದ ಕೋಡ್ ವಿಒಬಿಎಲ್ ಅಂತ ನಿಮಗೆ ಗೊತ್ತೇ ಇರುತ್ತದೆ. ಕಾಕ್‌ಪಿಟ್ ಒಳಗಿನಿಂದ ಮುಂದೆ ನೋಡುತ್ತಾ ಒಂದು ನಿಮಿಷ ಕೈಕಟ್ಟಿ ಕೂರಿ. ಕಿಟಕಿಯಲ್ಲಿ "ಲಿಮಿಟೆಡ್ ಬೈ ಮೇನ್ ಥ್ರೆಡ್" ಅಂತ ಬಂದರೆ ತಡೆ ಪ್ರೊಸೆಸರ್‌ನದು. "ಲಿಮಿಟೆಡ್ ಬೈ ಜಿಪಿಯು" ಅಂತ ಬಂದರೆ ಕಾರ್ಡಿನದು. ಪಕ್ಕದಲ್ಲಿ ಮಿಲಿಸೆಕೆಂಡ್ ಲೆಕ್ಕವೂ ಇರುತ್ತದೆ. ಸೆಕೆಂಡಿಗೆ 30 ಫ್ರೇಮ್ ಬೇಕಾದರೆ ಒಂದು ಫ್ರೇಮ್ 33 ಮಿಲಿಸೆಕೆಂಡ್ ಒಳಗೆ ಮುಗಿಯಬೇಕು, 60 ಬೇಕಾದರೆ 17ರ ಒಳಗೆ. ಮೇನ್ ಥ್ರೆಡ್ 40 ಅಂತಲೂ ಜಿಪಿಯು 22 ಅಂತಲೂ ತೋರಿಸಿದರೆ, ಕಾರ್ಡ್ ತನ್ನ ಕೆಲಸ ಮುಗಿಸಿ 18 ಮಿಲಿಸೆಕೆಂಡ್ ಕಾಯುತ್ತಾ ಕೂತಿದೆ ಅಂತ ಅರ್ಥ. ಕೂತು ಕಾಯುವವನ ಜಾಗಕ್ಕೆ ಇನ್ನೊಬ್ಬ ಬಲಶಾಲಿಯನ್ನು ತಂದು ಕೂರಿಸಿದರೆ ಏನು ಬಂತು?

ಇನ್ನೊಂದು ಪರೀಕ್ಷೆ ಇದೆ. ರೆಂಡರ್ ಸ್ಕೇಲಿಂಗ್ ಅನ್ನು 100ರಿಂದ 50ಕ್ಕೆ ಇಳಿಸಿ. ಚಿತ್ರ ಮಸುಕಾಗುತ್ತದೆ, ಕಾರ್ಡಿನ ಹೊರೆ ಒಮ್ಮೆಲೇ ಇಳಿಯುತ್ತದೆ. ಆದರೂ ಫ್ರೇಮ್ ಸಂಖ್ಯೆ ಅಲ್ಲಾಡದಿದ್ದರೆ ಮುಗಿಯಿತು, ಕಾರ್ಡ್ ನಿರಪರಾಧಿ. ಅದನ್ನು ಮತ್ತೆ 100ಕ್ಕೆ ತಂದು, ನೆಲದ ವಿವರ ಎಷ್ಟು ದೂರದವರೆಗೆ ಬೇಕು ಅಂತ ಹೇಳುವ ಟೆರೇನ್ ಲೆವೆಲ್ ಆಫ್ ಡೀಟೇಲ್ ಅನ್ನುವುದನ್ನು ಅರ್ಧಕ್ಕೆ ಇಳಿಸಿ ನೋಡಿ. ಫ್ರೇಮ್ ಏರಿದರೆ ಪ್ರೊಸೆಸರ್ ಅಂತ ಇನ್ನೂ ಗಟ್ಟಿಯಾಯಿತು. ಇದೇ ಪರೀಕ್ಷೆಯನ್ನು ಮಂಗಳೂರಿಗೆ ಇಳಿಯುವ ಕೊನೆಯ ಐದು ಮೈಲಿಯಲ್ಲೂ ಮಾಡಿ. ಗುಡ್ಡದ ತಲೆ ಕತ್ತರಿಸಿ ಮಾಡಿದ 2,450 ಮೀಟರ್ ರನ್‌ವೇ ಅದು, ಎರಡೂ ತುದಿಯಲ್ಲಿ ಕಣಿವೆ. ಅಲ್ಲಿ ಕೊನೆಯ ಹತ್ತು ಸೆಕೆಂಡಿನಲ್ಲಿ ಚಿತ್ರ ಎಳೆದಾಡಿದರೆ ವಿಮಾನ ಎಲ್ಲಿ ಹೋಗಿ ಕೂರುತ್ತದೆ ಅಂತ ನಿಮಗೇ ಅನುಭವ ಇರಬೇಕು.

ಕಂಪನಿ ಕೊಟ್ಟ ಪಟ್ಟಿ ನೋಡಿ "ನನ್ನದು ಸಾಕಲ್ವಾ" ಅಂತ ಕೇಳುವವರೂ ಇದ್ದಾರೆ. 2024ರ ಆವೃತ್ತಿಗೆ ಶಿಫಾರಸು ಮಾಡಿರುವುದು ರೈಜನ್ 7 2700ಎಕ್ಸ್, ಆರ್‌ಟಿಎಕ್ಸ್ 2080, 32 ಜಿಬಿ ರ‍್ಯಾಮ್. ಇಂಥ ಕೆಲಸದಲ್ಲಿ ನಿಮ್ಮ 3600 ಆ 2700ಎಕ್ಸ್‌ಗಿಂತ ಹಿಂದೆ ಏನಿಲ್ಲ. ಆದರೂ ಒದ್ದಾಡುತ್ತೀರಿ. ಸಣ್ಣ ಸೆಸ್ನಾ ತಗೊಂಡು ಹೊಲಗದ್ದೆ ಮೇಲೆ ಹಾರುವವರಿಗೆ ಆ ಪಟ್ಟಿ ಸರಿ. ಪ್ರತಿ ಸ್ವಿಚ್ಚೂ ಕೆಲಸ ಮಾಡುವ ಎ320ಯನ್ನು ತುಂಬಿದ ನಿಲ್ದಾಣದಲ್ಲಿ ನಿಲ್ಲಿಸುವವರಿಗೆ ಸಾಲದು.

ದುಡ್ಡು ಬಿಚ್ಚುವ ಮುಂಚೆ ಪುಕ್ಕಟೆ ಕೆಲಸಗಳನ್ನು ಮುಗಿಸಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ರ‍್ಯಾಮ್ ವೇಗ ನೋಡಿ. ಪೆಟ್ಟಿಗೆ ಮೇಲೆ 3200 ಅಂತ ಇದ್ದು ಇಲ್ಲಿ 2133 ಅಥವಾ 2400 ತೋರಿಸಿದರೆ, ಕಂಪ್ಯೂಟರ್ ಜೋಡಿಸಿದವರು ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ರ‍್ಯಾಮನ್ನು ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡಿಲ್ಲ. ಇದನ್ನು ನಾನು ಎಷ್ಟು ಮಷೀನ್‌ಗಳಲ್ಲಿ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಐದು ವರ್ಷ ದುಡ್ಡು ಕೊಟ್ಟ ವೇಗ ಬಳಸದೇ ಕೂತಿರುತ್ತಾರೆ. 16 ಜಿಬಿಯ ಒಂದೇ ಪಟ್ಟಿ ಇದೆಯಾ, 8ರ ಎರಡಾ ಅಂತಲೂ ನೋಡಿ. ಒಂದೇ ಇದ್ದರೆ ಪ್ರೊಸೆಸರಿಗೆ ಅರ್ಧ ರಸ್ತೆ ಮುಚ್ಚಿದ ಹಾಗೆ.

ಸಿಮ್ ಒಳಗೆ ಟೆರೇನ್ ಲೆವೆಲ್ ಆಫ್ ಡೀಟೇಲ್ ಅನ್ನು 100ರ ಆಸುಪಾಸಿನಲ್ಲಿ ಇಡಿ. ಬೇರೆ ವಿಮಾನಗಳ ದಟ್ಟಣೆ ಮತ್ತು ನಿಂತ ವಿಮಾನಗಳ ಸಂಖ್ಯೆ ಇಳಿಸಿ. ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ರೇಟನ್ನು ಮೀಡಿಯಮ್‌ಗೆ ತನ್ನಿ. ಫ್ರೇಮನ್ನು 30ಕ್ಕೆ ಕಟ್ಟಿಹಾಕಿ. ಕೊನೆಯದಕ್ಕೆ ಜನ ಮುಖ ಸಿಂಡರಿಸುತ್ತಾರೆ. ಆದರೆ ನಿಮ್ಮದು 60 ಹರ್ಟ್ಸ್ ಮಾನಿಟರ್, ಸೆಕೆಂಡಿಗೆ 60 ಸಲ ಚಿತ್ರ ಮೂಡಿಸುತ್ತದೆ. ಒಂದೊಂದು ಫ್ರೇಮು ಸರಿಯಾಗಿ ಎರಡೆರಡು ಸಲ ಮೂಡಿದರೆ ಕಣ್ಣಿಗೆ ಹಿತ. 28ಕ್ಕೂ 50ಕ್ಕೂ ನಡುವೆ ತೂಗಾಡುವುದಕ್ಕಿಂತ ನಿಂತ 30 ಎಷ್ಟೋ ವಾಸಿ. ಶೂಟಿಂಗ್ ಆಟಕ್ಕೆ ಈ ಮಾತು ಹೇಳಿದರೆ ನನಗೆ ಹೊಡೆಯಬಹುದು, ಪ್ರಯಾಣಿಕ ವಿಮಾನಕ್ಕೆ ಸರಿ.

ಇನ್ನು ಖರ್ಚಿನ ವಿಷಯ.

ನಿಮಗೆ ಬೇಕಾದದ್ದು ಎಕ್ಸ್3ಡಿ ಅನ್ನುವ ಬಾಲ ಇರುವ ರೈಜನ್. 2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿ, ಅಥವಾ 2024ರ ಆರಂಭದಲ್ಲಿ ಬಂದ 5700ಎಕ್ಸ್3ಡಿ. ಎರಡೂ ನಿಮ್ಮ ಬೋರ್ಡಿನ ಹಳೆ ಎಎಂ4 ಸಾಕೆಟ್‌ಗೇ (ಪ್ರೊಸೆಸರ್ ಕೂರುವ ಜಾಗ) ಕೂರುತ್ತವೆ. ಮದರ್‌ಬೋರ್ಡ್ ಬದಲಿಸಬೇಕಿಲ್ಲ, ರ‍್ಯಾಮ್ ಬದಲಿಸಲೇಬೇಕು ಅಂತಲೂ ಇಲ್ಲ.

ಇದರ ಗುಟ್ಟು ವೇಗದಲ್ಲಿ ಇಲ್ಲ. 5800ಎಕ್ಸ್3ಡಿಯ ಗರಿಷ್ಠ ವೇಗ 4.5 ಗಿಗಾಹರ್ಟ್ಸ್. ಬಾಲ ಇಲ್ಲದ ಅದರ ಅಣ್ಣ 5800ಎಕ್ಸ್‌ನದ್ದು 4.7. ಆದರೂ ಸಿಮ್‌ನಲ್ಲಿ ತಮ್ಮನೇ ಗೆಲ್ಲುತ್ತಾನೆ. ಯಾಕೆ ಅಂದರೆ ಅಣ್ಣನಿಗೆ 32 ಎಂಬಿ ಎಲ್3 ಕ್ಯಾಶ್, ತಮ್ಮನಿಗೆ 96. ಮತ್ತೆ ಅಡುಗೆ ಮನೆಗೇ ಬನ್ನಿ. ಭಟ್ಟರ ಕೈಯಳತೆಯಲ್ಲಿರುವ ಒಗ್ಗರಣೆ ಡಬ್ಬಿ ಅಂದರೆ ಕ್ಯಾಶ್. ರ‍್ಯಾಮ್ ಅಂದರೆ ಹಿಂದಿನ ಉಗ್ರಾಣ. ಫೈಲ್‌ಗಳನ್ನು ಇಡುವ ಎಸ್‌ಎಸ್‌ಡಿ ಅಂದರೆ ಊರಾಚೆಯ ಕಿರಾಣಿ ಅಂಗಡಿ. ಸಿಮ್ ಕೇಳುವುದು ಒಂದೇ ಪದಾರ್ಥ ಅಲ್ಲ. ಒಂದು ಕ್ಷಣ ರೆಕ್ಕೆಯ ಮೇಲಿನ ಗಾಳಿ, ಮರುಕ್ಷಣ ಟರ್ಮಿನಲ್‌ನ ಬಸ್ಸು, ಆಮೇಲೆ ಇಂಧನದ ಲೆಕ್ಕ. ಡಬ್ಬಿ ಚಿಕ್ಕದಿದ್ದರೆ ಭಟ್ಟರು ಪ್ರತಿ ಸಲ ಉಗ್ರಾಣಕ್ಕೆ ಎದ್ದು ಹೋಗಬೇಕು. ಡಬ್ಬಿ ಮೂರು ಪಟ್ಟು ದೊಡ್ಡದಾದರೆ ಕೂತಲ್ಲೇ ಕೆಲಸ. 3600ರಿಂದ ಇದಕ್ಕೆ ಬಂದವರಿಗೆ ಗೇಟ್‌ನಲ್ಲಿ ಫ್ರೇಮು ಅರ್ಧದಷ್ಟು ಜಾಸ್ತಿ ಆಗುವುದು ಅಪರೂಪವೇನಲ್ಲ. ಅದಕ್ಕಿಂತ ಮುಖ್ಯ, ಇದ್ದಕ್ಕಿದ್ದಂತೆ ಮುಗ್ಗರಿಸುವುದು ಕಡಿಮೆ ಆಗುತ್ತದೆ.

ತೊಂದರೆ ಏನೆಂದರೆ ಇವು ಈಗ ಹೊಸದಾಗಿ ಸಿಗುವುದು ಕಷ್ಟ. ಆನ್‌ಲೈನ್‌ನಲ್ಲಿ ಹುಡುಕಿ, ಇಲ್ಲವಾದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಒಂದು ಸುತ್ತು ಹಾಕಿ. ಬಳಸಿದ್ದು ತಗೊಳ್ಳುವುದಾದರೆ ತಿರುಗಿಸಿ ತಳ ನೋಡಿ. ಎಎಂ4ನಲ್ಲಿ ಪಿನ್‌ಗಳು ಇರುವುದು ಪ್ರೊಸೆಸರಿಗೆ, ಒಟ್ಟು 1,331. ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರೆ ಸಾಲು ನೇರ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಅಂಗಡಿಯಲ್ಲೇ ಒಂದು ಬೋರ್ಡ್‌ಗೆ ಹಾಕಿಸಿ, ಆನ್ ಆಗಿದ್ದು ಕಂಡ ಮೇಲೆ ದುಡ್ಡು ಕೊಡಿ. ಎಕ್ಸ್3ಡಿ ಎಲ್ಲೂ ಸಿಗಲಿಲ್ಲ ಅಂದರೆ ಸಾದಾ 5700ಎಕ್ಸ್ ಹಾಕಿದರೂ ಸ್ವಲ್ಪ ಅನುಕೂಲ ಆಗುತ್ತದೆ. ಆದರೆ ಅದೇ ಚಿಕ್ಕ ಡಬ್ಬಿ, ಹಾಗಾಗಿ ಅದಕ್ಕೆ ಜಾಸ್ತಿ ಕೊಡಬೇಡಿ.

ಬದಲಿಸುವ ಕ್ರಮ ಮುಖ್ಯ. ಮೊದಲು ನಿಮ್ಮ ಬೋರ್ಡ್ ಕಂಪನಿಯ ತಾಣದಲ್ಲಿ ಈ ಪ್ರೊಸೆಸರ್ ನಡೆಯುತ್ತದಾ, ಯಾವ ಬಯೋಸ್ ಬೇಕು ಅಂತ ನೋಡಿ. ಹಳೆ 3600 ಇನ್ನೂ ಒಳಗಿದ್ದಾಗಲೇ ಬಯೋಸ್ ಅಪ್‌ಡೇಟ್ ಮಾಡಿ. ಮೊದಲೇ ಕಿತ್ತು ಹೊಸದು ಕೂರಿಸಿದರೆ ಪರದೆ ಕಪ್ಪಗೇ ಉಳಿಯುತ್ತದೆ. ಅಪ್‌ಡೇಟ್ ಮಧ್ಯೆ ಕರೆಂಟ್ ಹೋದರೆ ಬೋರ್ಡ್ ಕೈಕೊಡಬಹುದು. ಯುಪಿಎಸ್ ಇಲ್ಲದಿದ್ದರೆ ಪಕ್ಕದವರದ್ದು ಒಂದು ಗಂಟೆ ಕೇಳಿ ತನ್ನಿ.

ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ತೆಗೆಯುವಾಗ ಹುಷಾರು. ಎರಡರ ನಡುವೆ ಶಾಖ ದಾಟಿಸಲು ಹಚ್ಚಿದ ಐದು ವರ್ಷದ ಪೇಸ್ಟ್ ಒಣಗಿ ಅಂಟಿನ ಹಾಗೆ ಆಗಿರುತ್ತದೆ. ನಾನು ಒಮ್ಮೆ ನೇರ ಮೇಲಕ್ಕೆ ಎಳೆದೆ. "ಟಕ್" ಅಂತ ಸದ್ದಾಯಿತು. ಸಾಕೆಟ್‌ನ ಲಿವರ್ ಹಾಕಿದ್ದಂತೆಯೇ ಇತ್ತು, ಪ್ರೊಸೆಸರ್ ಮಾತ್ರ ಕೂಲರ್‌ಗೆ ಅಂಟಿಕೊಂಡು ನನ್ನ ಕೈಗೆ ಬಂದಿತ್ತು. ಮೂಲೆಯಲ್ಲಿ ನಾಲ್ಕು ಪಿನ್ ಬಗ್ಗಿದ್ದವು. ಹಳೇ ಎಟಿಎಂ ಕಾರ್ಡನ್ನು ಸಾಲುಗಳ ನಡುವೆ ತೂರಿಸಿ ಒಂದೊಂದೇ ನೆಟ್ಟಗೆ ಮಾಡುವಷ್ಟರಲ್ಲಿ ರಾತ್ರಿ ಎರಡು ಗಂಟೆ. ನೀವು ಹಾಗೆ ಮಾಡಬೇಡಿ. ಮೊದಲು ಅರ್ಧ ಗಂಟೆ ಸಿಮ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರ್‌ನ ಸ್ಕ್ರೂ ಬಿಚ್ಚಿ. ಆಮೇಲೆ ಬಾಟಲಿ ಮುಚ್ಚಳ ತಿರುವಿದಂತೆ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವಿ. ತಾನಾಗಿ ಬಿಡುತ್ತದೆ.

3600 ಜೊತೆ ಬಂದ ಆ ಚಿಕ್ಕ ಕೂಲರ್ ಇದಕ್ಕೆ ಸಾಲದು. ಈ ಚಿಪ್‌ನಲ್ಲಿ ಹೆಚ್ಚುವರಿ ಕ್ಯಾಶ್ ಅನ್ನು ಮೇಲೆ ಪದರದ ಹಾಗೆ ಕೂರಿಸಿದ್ದಾರೆ, ಶಾಖ ಸುಲಭವಾಗಿ ಹೊರಗೆ ಬರುವುದಿಲ್ಲ. 5800ಎಕ್ಸ್3ಡಿಗೆ 90 ಡಿಗ್ರಿ ಮಿತಿ. ದಾವಣಗೆರೆಯ ಏಪ್ರಿಲ್ ಬಿಸಿಲು ನೆನಪಿಟ್ಟುಕೊಂಡು ಒಂದು ಸಾಧಾರಣ ಟವರ್ ಏರ್ ಕೂಲರ್ ಸೇರಿಸಿ. ನೀರಿನ ಕೂಲರ್ ಬೇಕಿಲ್ಲ.

ಎರಡನೆಯದು ರ‍್ಯಾಮ್. ಸಿಮ್, ವಿಮಾನದ ಆಡ್-ಆನ್, ಮ್ಯಾಪ್ ತೆರೆದ ಬ್ರೌಸರ್ ಎಲ್ಲ ಸೇರಿದರೆ 16 ಜಿಬಿ ತುಂಬಿ ತುಳುಕುತ್ತದೆ. ಆಗ ಭಟ್ಟರು ಉಗ್ರಾಣವನ್ನೂ ದಾಟಿ ಊರಾಚೆಯ ಅಂಗಡಿಗೆ ಓಡಬೇಕು. ಇಳಿಯುವಾಗ ಅರ್ಧ ಸೆಕೆಂಡ್ ಚಿತ್ರ ನಿಂತೇ ಹೋಗುವುದು ಇದರಿಂದಲೂ ಇರಬಹುದು. 16ರ ಎರಡು ಪಟ್ಟಿ, ಒಟ್ಟು 32 ಜಿಬಿ, ಡಿಡಿಆರ್4 3200 ಅಥವಾ 3600. ಹಳೆಯ ಪಟ್ಟಿಗಳ ಜೊತೆ ಬೇರೆ ಕಂಪನಿಯದ್ದು ಬೆರೆಸಿದರೆ ಕೆಲವೊಮ್ಮೆ ಪೂರ್ತಿ ವೇಗಕ್ಕೆ ಒಪ್ಪುವುದಿಲ್ಲ. ಜೋಡಿಯಾಗಿ ಬಂದದ್ದೇ ಒಳ್ಳೆಯದು. ಒಂದೇ ಬೇಜಾರು, 2025ರ ಕೊನೆಯಿಂದ ರ‍್ಯಾಮ್ ಬೆಲೆ ಕೈಗೆ ಸಿಗದಂತೆ ಏರಿದೆ. ಗೆಳೆಯರು ಯಾರಾದರೂ ಹೊಸ ಕಂಪ್ಯೂಟರ್‌ಗೆ ಹೋಗಿ ಹಳೆ ಡಿಡಿಆರ್4 ಮೂಲೆಗಿಟ್ಟಿದ್ದಾರಾ ವಿಚಾರಿಸಿ. ಬಳಸಿದ ರ‍್ಯಾಮ್‌ಗೆ ನಾನು ಹೆದರುವುದಿಲ್ಲ.

ಇಷ್ಟು ಮಾಡಿ ಒಂದು ತಿಂಗಳು ಹಾರಿಸಿ. ಆ ಪುಟ್ಟ ಕಿಟಕಿಯನ್ನು ಮತ್ತೆ ತೆರೆದು ನೋಡಿ. ಈಗ ಬಹುಶಃ ಘಟ್ಟದ ಮೇಲೆ "ಲಿಮಿಟೆಡ್ ಬೈ ಜಿಪಿಯು" ಅಂತ ಬರಲು ಶುರುವಾಗುತ್ತದೆ. ಕಾರ್ಡಿನ ಸರದಿ ಬರುವುದು ಆಗ.

ನಿಮ್ಮ 2060ಯ ನಿಜವಾದ ಕೊರತೆ ಶಕ್ತಿಗಿಂತ 6 ಜಿಬಿ ಮೆಮೊರಿ. ಅದು ತುಂಬಿದ ಕೂಡಲೇ ಕಾರ್ಡ್ ರ‍್ಯಾಮ್‌ನಿಂದ ಸಾಲ ಪಡೆಯುತ್ತದೆ, ಫ್ರೇಮು ನೆಲ ಕಚ್ಚುತ್ತದೆ. 2024ರ ಆವೃತ್ತಿ ಈ ವಿಷಯದಲ್ಲಿ ಇನ್ನೂ ಹೊಟ್ಟೆಬಾಕ. ಸದ್ಯಕ್ಕೆ ಟೆಕ್ಸ್‌ಚರ್ (ಮೇಲ್ಮೈ ಚಿತ್ರಗಳ ಗುಣಮಟ್ಟ) ಅನ್ನು ಒಂದು ಮೆಟ್ಟಿಲು ಇಳಿಸಿ ಕಾಲ ತಳ್ಳಿ. ಕೊಳ್ಳುವಾಗ 12 ಜಿಬಿಗಿಂತ ಕಡಿಮೆ ಬೇಡ, 16 ಇದ್ದರೆ ನೆಮ್ಮದಿ. ಆರ್‌ಟಿಎಕ್ಸ್ 5060 ಟಿಐ ಅನ್ನುವ ಒಂದೇ ಹೆಸರಲ್ಲಿ 8 ಜಿಬಿಯದ್ದೂ 16 ಜಿಬಿಯದ್ದೂ ಇದೆ. ಬಿಲ್ ಹಾಕಿಸುವ ಮುಂಚೆ ಪೆಟ್ಟಿಗೆ ಮೇಲೆ ಕಣ್ಣಾಡಿಸಿ. ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಆ ಕಾರ್ಡಿಗೆ ಎಂಟೇ ಪಿಸಿಐ ಲೇನ್, ಅಂದರೆ ಬೋರ್ಡಿನ ಜೊತೆ ಮಾಹಿತಿ ಓಡಾಡುವ ದಾರಿ. ನಿಮ್ಮ ಬಿ450 ಹಳೆಯ ಪಿಸಿಐ 3.0 ಬೋರ್ಡ್, ಹಾಗಾಗಿ ದಾರಿ ಇನ್ನೂ ಕಿರಿದಾಗುತ್ತದೆ. 16 ಜಿಬಿಯದ್ದರಲ್ಲಿ ನಷ್ಟ ಸಣ್ಣದು, 8 ಜಿಬಿಯದ್ದರಲ್ಲಿ ಚೆನ್ನಾಗಿಯೇ ಹೊಡೆತ ಬೀಳುತ್ತದೆ. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿಗೆ ಪೂರ್ತಿ ಹದಿನಾರು ಲೇನ್ ಇವೆ, 16 ಜಿಬಿಯ ಮಾದರಿಯೂ ಇದೆ. ಪವರ್ ಸಪ್ಲೈ ಒಳ್ಳೆ ಕಂಪನಿಯದ್ದಾಗಿದ್ದರೆ ನಿಮ್ಮ 550 ವಾಟ್ ಸಾಮಾನ್ಯವಾಗಿ ಸಾಕಾಗಬಹುದು, ಆದರೂ ಕೊಳ್ಳುವ ಮುಂಚೆ ಕಾರ್ಡ್ ಕಂಪನಿ ಎಷ್ಟು ವಾಟ್ ಕೇಳುತ್ತದೆ ನೋಡಿ.

ಅಂಗಡಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಈಗಿನ ಹೊಸ ಕಾರ್ಡುಗಳಲ್ಲಿ ಫ್ರೇಮ್ ಜನರೇಶನ್ ಇದೆ. ಎರಡು ನಿಜವಾದ ಫ್ರೇಮುಗಳ ನಡುವೆ ಕಾರ್ಡೇ ಒಂದನ್ನು ಊಹಿಸಿ ತುಂಬುತ್ತದೆ. ಈ ಫ್ರೇಮು ಭಟ್ಟರ ಕೈ ದಾಟಿ ಬರಬೇಕಿಲ್ಲ. ಅಂದರೆ ಪ್ರೊಸೆಸರ್ ಸೋತಲ್ಲೂ ಸಂಖ್ಯೆ ಮೇಲೇರುತ್ತದೆ. ಆದರೆ ಬುಡದಲ್ಲಿ 35-40 ನಿಜವಾದ ಫ್ರೇಮು ಇದ್ದರೆ ಮಾತ್ರ ಚೆನ್ನ. 20 ಇದ್ದದ್ದು 40 ಆದರೆ ಅಂಕಿ ಚೆಂದ, ಸ್ಟಿಕ್ ಎಳೆದಾಗ ವಿಮಾನ ಅದೇ ಹಳೆ ಆಲಸ್ಯದಲ್ಲಿ ತಿರುಗುತ್ತದೆ. ಕಾಕ್‌ಪಿಟ್‌ನಲ್ಲಿ ಓಡುವ ಎತ್ತರದ ಅಂಕಿಗಳು ಒಂದರ ಮೇಲೊಂದು ಕಲೆಸಿದಂತೆ ಕಾಣುವುದೂ ಉಂಟು. ನಿಮ್ಮ 60 ಹರ್ಟ್ಸ್ ಮಾನಿಟರ್‌ನಲ್ಲಿ ಅದರ ಲಾಭ ತೀರಾ ಕಡಿಮೆ.

ಎಸ್‌ಎಸ್‌ಡಿ ಬಗ್ಗೆ ನೀವು ಹೇಳಿಲ್ಲ. ಸಿಮ್ ಹಳೆ ಹಾರ್ಡ್ ಡಿಸ್ಕ್‌ನಲ್ಲಿ ಇದ್ದರೆ ಇವತ್ತೇ ಎಸ್‌ಎಸ್‌ಡಿಗೆ ಸಾಗಿಸಿ. ಈಗಾಗಲೇ ಎಸ್‌ಎಸ್‌ಡಿಯಲ್ಲಿದ್ದರೆ ಅದಕ್ಕಿಂತ ವೇಗದ್ದು ಕೊಂಡು ಫ್ರೇಮು ಏರುವುದಿಲ್ಲ. 2024ರ ಆವೃತ್ತಿ ನೆಲದ ಚಿತ್ರವನ್ನಷ್ಟೇ ಅಲ್ಲ, ಇನ್ನೂ ಬಹಳಷ್ಟನ್ನು ಇಂಟರ್ನೆಟ್‌ನಿಂದ ಎಳೆದುಕೊಳ್ಳುತ್ತದೆ. ಶಿಫಾರಸು 50 ಎಂಬಿಪಿಎಸ್. ವೈಫೈ ಬಿಟ್ಟು ಕೇಬಲ್ ಹಾಕಿ.

"ಎಲ್ಲ ಬಿಟ್ಟು ಹೊಸ ಎಎಂ5 ಸಾಕೆಟ್‌ಗೇ ಹೋಗಿಬಿಡಲಾ" ಅಂತ ನಿಮ್ಮ ಮನಸ್ಸಲ್ಲಿ ಇದ್ದರೆ, 7800ಎಕ್ಸ್3ಡಿ ಅಥವಾ 9800ಎಕ್ಸ್3ಡಿ ಖಂಡಿತ ಇನ್ನೂ ಒಂದು ಹೆಜ್ಜೆ ಮುಂದೆ. ಆದರೆ ಪ್ರೊಸೆಸರ್ ಜೊತೆ ಹೊಸ ಬೋರ್ಡು, ಹೊಸ ಡಿಡಿಆರ್5 ರ‍್ಯಾಮು ಎರಡೂ ಬೇಕು. ಇವತ್ತಿನ ರ‍್ಯಾಮ್ ದರದಲ್ಲಿ ನಿಮ್ಮ 60 ಸಾವಿರ ಅಲ್ಲಿಗೇ ಮುಗಿಯುತ್ತದೆ. ಹಳೆ 2060 ಕಾರ್ಡ್ ಹಾಗೇ ಉಳಿಯುತ್ತದೆ. ಎಎಂ4ನ ಎಕ್ಸ್3ಡಿ ಎಲ್ಲಿಯೂ ಸಿಗದೇ ಹೋದರೆ ಮಾತ್ರ ಈ ದಾರಿ ಯೋಚಿಸಿ, ಅದೂ ಇನ್ನಷ್ಟು ದುಡ್ಡು ಕೂಡಿಸಿದ ಮೇಲೆ.

ಅಂದ ಹಾಗೆ, ವಿಮಾನವನ್ನು ಏನು ಹಿಡಿದು ಹಾರಿಸುತ್ತೀರಿ ಅಂತ ನೀವು ಬರೆದಿಲ್ಲ. ಕೀಬೋರ್ಡ್ ಅಥವಾ ಗೇಮ್‌ಪ್ಯಾಡ್ ಆಗಿದ್ದರೆ, ಪ್ರೊಸೆಸರ್ ಮತ್ತು ರ‍್ಯಾಮ್ ಆದ ಮೇಲೆ ಉಳಿದದ್ದರಲ್ಲಿ ಮೊದಲು ಒಂದು ಜಾಯ್‌ಸ್ಟಿಕ್ ತಗೊಳ್ಳಿ, ಕಾರ್ಡ್ ಕಾಯಲಿ. ಏರ್‌ಬಸ್‌ನ ಪೈಲಟ್‌ಗಳು ಹಿಡಿಯುವುದೂ ಪಕ್ಕದ ಸಣ್ಣ ಸ್ಟಿಕ್ಕನ್ನೇ. ಎ320 ಹಾರಿಸುವವರಿಗೆ ಸಾಧಾರಣ ಜಾಯ್‌ಸ್ಟಿಕ್ ಕೂಡ ಸರಿಯಾಗಿ ಒಪ್ಪುತ್ತದೆ. ತಳದಲ್ಲಿ ಥ್ರಾಟಲ್ ಲಿವರ್ ಇರುವುದನ್ನು, ಹಿಡಿ ತಿರುವಿದರೆ ರಡ್ಡರ್ (ಬಾಲದ ಚುಕ್ಕಾಣಿ) ತಿರುಗುವುದನ್ನು ಆರಿಸಿ. ಮಂಗಳೂರಿನಲ್ಲಿ ಅಡ್ಡಗಾಳಿ ಬೀಸುವ ದಿನ ಅದು ಬೇಕಾಗುತ್ತದೆ.